ಪ್ರಾಥಮಿಕ ಶಾಲಾ ಮಕ್ಕಳಿಗೆ ಸೌರಮಂಡಲ ಹಾಗೂ ಭೂಮಿಯ ಚಲನೆಗಳ ಪರಿಚಯ: ಗ್ರಾಮ ಪಂಚಾಯಿತಿಯ ಪಾತ್ರ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರು, ಬೀದಿದೀಪ, ಚರಂಡಿಗಳನ್ನು ಕುರಿತು ಚರ್ಚಿಸುವ ಸಭೆಯಲ್ಲಿ ಸೂರ್ಯ, ಚಂದ್ರ, ಗ್ರಹಗಳ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವನ್ನು ಮೊದಲೇ ನಿವೇದಿಸುತ್ತೇನೆ. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ಸಂಭವಿಸಿತು. ಕೊಡಗಿನ ಕುಟ್ಟ ಭಾಗಕ್ಕೆ ಜನರು ಆ ಬೆಳಕಿನ ಬಳೆಯನ್ನು ನೋಡಲೆಂದೇ ಬಂದಿದ್ದರು. ಅದೇ ಬೆಳಿಗ್ಗೆ ಕಲಬುರಗಿ ಸಮೀಪದ ಗ್ರಾಮವೊಂದರಲ್ಲಿ, ಅಂಗವೈಕಲ್ಯ ಗುಣವಾಗುತ್ತದೆಂಬ ನಂಬಿಕೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ಆ ತಂದೆತಾಯಿಗಳಿಗೆ ಮಕ್ಕಳ ಮೇಲೆ ಮಮತೆ ಕಡಿಮೆಯಿತ್ತೆಂದು ನಾನು ಭಾವಿಸುವುದಿಲ್ಲ. ಗ್ರಹಣವೆಂದರೆ ಚಂದ್ರನ ನೆರಳು ಭೂಮಿಯ ಮೇಲೆ ಹಾದುಹೋಗುವುದು ಮಾತ್ರ ಎಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಟ್ಟವರು ಬಹುಶಃ ಇರಲಿಲ್ಲ. ಆದ್ದರಿಂದ ಇದು ಶಾಲೆಯ ಪಾಠ ಮಾತ್ರವಲ್ಲ, ಊರಿನ ಮಕ್ಕಳ ಕ್ಷೇಮದ ವಿಷಯವೂ ಹೌದು.

ಭೂಮಿಯು ತನ್ನ ಅಕ್ಷದ ಮೇಲೆ ತಿರುಗುತ್ತಾ ಸೂರ್ಯನನ್ನೂ ಸುತ್ತುತ್ತದೆ ಎಂಬ ವಾಕ್ಯವನ್ನು ನಮ್ಮ ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಬಾಯಿಪಾಠವಾದದ್ದು ಮನಸ್ಸಿಗೆ ಇಳಿದಿರಬೇಕೆಂದಿಲ್ಲ. ಅದನ್ನು ಇಳಿಸಲು ಊರಿನಲ್ಲಿಯೇ ಇರುವ ವಸ್ತುಗಳು ಸಾಕು.

ಮೊದಲನೆಯದಾಗಿ ಸೌರಮಂಡಲದ ಗಾತ್ರ. ಪುಸ್ತಕದ ಚಿತ್ರದಲ್ಲಿ ಗ್ರಹಗಳು ಒಂದರ ಪಕ್ಕ ಒಂದು ಕುಳಿತಿರುತ್ತವೆ. ವಾಸ್ತವ ಹಾಗಿಲ್ಲ. ಶಾಲೆಯ ಬಾಗಿಲಲ್ಲಿ ಒಂದು ವಾಲಿಬಾಲನ್ನು ಇಟ್ಟು ಅದನ್ನು ಸೂರ್ಯನೆಂದು ತಿಳಿಯೋಣ. ಆಗ ಭೂಮಿಯು 23 ಮೀಟರ್ ದೂರದಲ್ಲಿರುವ ಒಂದು ಸಾಸಿವೆ ಕಾಳು. ಚಂದ್ರನು ಆ ಸಾಸಿವೆಯಿಂದ 6 ಸೆಂಟಿಮೀಟರ್ ಆಚೆಗಿನ ಒಂದು ರವೆಯ ಕಣ. ಗ್ರಹಗಳಲ್ಲೆಲ್ಲ ದೊಡ್ಡದಾದ ಗುರುವು ಸುಮಾರು 120 ಮೀಟರ್ ದೂರದ ಒಂದು ನೆಲ್ಲಿಕಾಯಿ. ಕಡೆಯ ಗ್ರಹ ನೆಪ್ಚೂನ್ ಸುಮಾರು 700 ಮೀಟರ್ ಆಚೆ, ಬಹುತೇಕ ಊರುಗಳಲ್ಲಿ ಊರಿನ ಹೊರಗೆ, ಒಂದು ಕಡಲೆಕಾಳಿನಷ್ಟು. ಮಕ್ಕಳು ಈ ದೂರವನ್ನು ತಮ್ಮ ಕಾಲಿನಿಂದ ನಡೆದು ಅಳೆದರೆ, ನಾವಿರುವ ಭೂಮಿಯ ಅಳತೆ ಅವರ ನೆನಪಿನಲ್ಲಿ ಉಳಿಯುತ್ತದೆ.

ಎರಡನೆಯದು ದೈನಿಕ ಚಲನೆ. ಭೂಮಿಯು ಬುಗುರಿಯಂತೆ ತನ್ನ ಸುತ್ತ ತಾನೇ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಹಗಲು ರಾತ್ರಿಗಳು ಉಂಟಾಗುತ್ತವೆ. ಈ ತಿರುಗುವಿಕೆಯಿಂದ ನಾವು ಕುಳಿತಿರುವ ನೆಲವು ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಹಾಗಾದರೆ ನಾವೇಕೆ ಬೀಳುವುದಿಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಒಂದೇ ವೇಗದಲ್ಲಿ, ಕುಲುಕಾಟವಿಲ್ಲದೆ ಓಡುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತವನಿಗೆ ಓಟದ ಅರಿವಾಗದು. ನೆಲ, ಗಾಳಿ, ನೀರು, ನಾವು ಎಲ್ಲರೂ ಒಟ್ಟಿಗೆ ಸಾಗುತ್ತಿರುವುದರಿಂದ ಇಲ್ಲಿಯೂ ಹಾಗೆಯೇ.

ಮೂರನೆಯದು ವಾರ್ಷಿಕ ಚಲನೆ. ಭೂಮಿಯು ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 365 ದಿನ 6 ಗಂಟೆ ಬೇಕು. ಆ 6 ಗಂಟೆಗಳು ನಾಲ್ಕು ವರ್ಷಗಳಲ್ಲಿ ಒಂದು ದಿನವಾಗಿ ಕೂಡಿ ಫೆಬ್ರುವರಿ 29 ಬರುತ್ತದೆ. ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ ಎಂಬ ತಿಳಿವಳಿಕೆ ದೊಡ್ಡವರಲ್ಲಿಯೂ ಇದೆ. ಆದರೆ ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪದಲ್ಲಿರುವುದು ಜನವರಿಯ ಮೊದಲ ವಾರದಲ್ಲಿ, ಅಂದರೆ ನಮ್ಮ ಚಳಿಗಾಲದಲ್ಲಿ. ಋತುಗಳಿಗೆ ಕಾರಣ ದೂರವಲ್ಲ, ಭೂಮಿಯ ಅಕ್ಷವು ಸುಮಾರು ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿರುವುದು. ಈ ಓರೆಯಿಂದ ಸೂರ್ಯಕಿರಣಗಳು ಕೆಲವು ತಿಂಗಳು ನೇರವಾಗಿ, ಕೆಲವು ತಿಂಗಳು ವಾಲಿ ಬೀಳುತ್ತವೆ.

ಇದನ್ನು ನಂಬಿಸುವ ಅಗತ್ಯವಿಲ್ಲ, ಅಳೆದು ತೋರಿಸಬಹುದು. ಶಾಲೆಯ ಬಯಲಿನಲ್ಲಿ 1 ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳು ಅತಿ ಚಿಕ್ಕದಾಗುವ ಹೊತ್ತಿನಲ್ಲಿ ಮಕ್ಕಳು ಅದನ್ನು ಅಳೆದು ಬರೆದಿಡಲಿ. ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವದಲ್ಲಿರುವ ರೇಖಾಂಶದ ಲೆಕ್ಕದಲ್ಲಿ. ಆದ್ದರಿಂದ ನಮ್ಮಲ್ಲಿ ಆ ಹೊತ್ತು ವರ್ಷದ ಹೆಚ್ಚಿನ ದಿನಗಳಲ್ಲಿ ಹನ್ನೆರಡು ಗಂಟೆ ದಾಟಿದ ಮೇಲೆಯೇ ಬರುತ್ತದೆ. ಚಿತ್ರದುರ್ಗದ ಸುತ್ತಮುತ್ತ ಡಿಸೆಂಬರ್ 22ರ ವೇಳೆಗೆ ಆ ನೆರಳು ಉತ್ತರ ದಿಕ್ಕಿಗೆ ಸುಮಾರು 77 ಸೆಂಟಿಮೀಟರ್ ಇರುತ್ತದೆ. ಜೂನ್ 21ರ ವೇಳೆಗೆ ಅದೇ ಕೋಲಿನ ನೆರಳು ದಕ್ಷಿಣಕ್ಕೆ ಹೊರಳಿ ಕೇವಲ 16 ಸೆಂಟಿಮೀಟರ್ ಆಗಿರುತ್ತದೆ. ನಡುವೆ ಎರಡು ದಿನ ನಡುಹಗಲಿನಲ್ಲಿ ನೆರಳೇ ಕಾಣದು. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಹಾಗೂ ಆಗಸ್ಟ್ 18ರ ಸುಮಾರಿಗೆ, ಬೀದರ್‌ನಲ್ಲಿ ಮೇ ಎರಡನೆಯ ವಾರ ಹಾಗೂ ಆಗಸ್ಟ್ ಆರಂಭದಲ್ಲಿ ಬರುತ್ತದೆ. ಚಿತ್ರದುರ್ಗದ ಭಾಗದಲ್ಲಿ ಎರಡನೆಯದು ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸಿನಲ್ಲಿಯೇ ಬರುವುದು ವಿಶೇಷ. ಮೋಡವಿಲ್ಲದಿದ್ದರೆ ಮಕ್ಕಳು ಧ್ವಜಸ್ತಂಭದಲ್ಲಿಯೇ ಅದನ್ನು ಕಾಣಬಹುದು.

ಸಭೆಯಲ್ಲಿರುವ ರೈತ ಬಾಂಧವರಿಗೆ ಈ ಚಲನೆ ಹೊಸದಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ನಾವು ಮಳೆಗಳನ್ನು ಎಣಿಸುತ್ತೇವೆ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಭೂಮಿಯು ಮುಂದೆ ಸಾಗಿದಂತೆ ಸೂರ್ಯನ ಹಿಂಬದಿಯ ನಕ್ಷತ್ರಗಳು ಬದಲಾಗುತ್ತವೆ. ವರ್ಷದ ಆ ದಾರಿಯನ್ನು 27 ನಕ್ಷತ್ರಗಳಿಗೆ ಹಂಚಿದ ಲೆಕ್ಕವೇ ಇದು. ಜೂನ್‌ನಲ್ಲಿ ಸೂರ್ಯನ ಬೆಳಕಿನಲ್ಲಿ ಮರೆಯಾಗುವ ಮೃಗಶಿರಾ, ಡಿಸೆಂಬರ್ ರಾತ್ರಿಯಲ್ಲಿ ಚೆನ್ನಾಗಿ ಕಾಣುತ್ತದೆ. ಅಜ್ಜನ ಮಳೆ ಲೆಕ್ಕವೂ ಮೊಮ್ಮಗಳ ವಿಜ್ಞಾನದ ಪಾಠವೂ ಒಂದೇ ಆಕಾಶದ್ದು ಎಂದು ತಿಳಿದಾಗ ಪಾಠಕ್ಕೆ ಬೇರು ಬರುತ್ತದೆ.

ತಮ್ಮಲ್ಲಿ ನನ್ನ ಮನವಿ ಮೂರು.

ಒಂದು, ಪ್ರತಿ ಶಾಲೆಯ ಆವರಣದಲ್ಲಿ ಸಮತಟ್ಟಾದ ಜಾಗದಲ್ಲಿ ನೆರಳಿನ ಕೋಲನ್ನು ನಿಲ್ಲಿಸುವುದು. ಎಂಜಿನಿಯರಿಂಗ್ ಓದಿದವನಾಗಿ ಹೇಳುತ್ತೇನೆ, ಇದಕ್ಕೆ ಅಂದಾಜುಪಟ್ಟಿ ಬೇಕಾಗಿಲ್ಲ. ಮಕ್ಕಳು ಬರೆದ ನೆರಳಿನ ಲೆಕ್ಕವನ್ನು ಮಕ್ಕಳ ಗ್ರಾಮ ಸಭೆಯಲ್ಲಿ ಅವರಿಂದಲೇ ಓದಿಸೋಣ.

ಎರಡು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಗೋಳ ಮತ್ತು ಒಂದು ಟಾರ್ಚ್ ಇರಲಿ. ಡಿಸೆಂಬರ್ ತಿಂಗಳಲ್ಲಿ ಒಂದು ಸಂಜೆ ಹತ್ತಿರದ ಬೀದಿದೀಪಗಳನ್ನು ಅರ್ಧ ಗಂಟೆ ಆರಿಸಿ, ಹಿರಿಯರ ಜೊತೆಯಲ್ಲಿ ಮಕ್ಕಳಿಗೆ ಆಕಾಶವನ್ನು ತೋರಿಸೋಣ.

ಮೂರು, ಗ್ರಹಣದ ದಿನ ಮಧ್ಯಾಹ್ನದ ಬಿಸಿಯೂಟ ನಿಲ್ಲದಂತೆ, ಯಾವ ಮಗುವೂ ಮೂಢ ಆಚರಣೆಗೆ ಗುರಿಯಾಗದಂತೆ ಆಯಾ ಕ್ಷೇತ್ರದ ಸದಸ್ಯರು ಹೊಣೆ ಹೊರುವುದು. ಬರಿಗಣ್ಣಿನಿಂದ ಸೂರ್ಯನನ್ನು ನೋಡುವುದು ಗ್ರಹಣದ ದಿನವಾಗಲಿ, ಉಳಿದ ದಿನವಾಗಲಿ ಅಪಾಯಕರ. ಸುರಕ್ಷಿತವೆಂದು ದೃಢೀಕರಿಸಿದ ಸೌರ ಕನ್ನಡಕವನ್ನೇ ಬಳಸಬೇಕು. ರಟ್ಟಿನಲ್ಲಿ ಸೂಜಿಯಿಂದ ಚುಚ್ಚಿದ ರಂಧ್ರದ ಮೂಲಕ ಸೂರ್ಯನ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ, ಸೂರ್ಯನಿಗೆ ಬೆನ್ನು ಮಾಡಿ ಆ ಬಿಂಬವನ್ನು ನೋಡುವುದೂ ಒಳ್ಳೆಯ ವಿಧಾನ.

ವರ್ಷವಿಡೀ ನೆರಳನ್ನು ಅಳೆದ ಮಗು ಚಂದ್ರನ ನೆರಳಿಗೆ ಹೆದರುವುದಿಲ್ಲ. ನಾಳೆ ಆ ಮಗುವೇ ತಾಯಿಯೋ ತಂದೆಯೋ ಆಗಿ, ಈ ಸಭೆಯ ಸದಸ್ಯನೋ ಸದಸ್ಯೆಯೋ ಆಗಿ ಊರಿಗೆ ತಿಳಿಹೇಳುತ್ತದೆ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ವಿನಂತಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.