ಗೋಡೆಗೆ ಬಂದ ಅನ್ಯಗ್ರಹ ಜೀವಿಗಳು

ತಮ್ಮ ಗುರುತು ಬಿಟ್ಟುಕೊಡದೆ ‘ಇನ್ವೇಡರ್’ ಎಂಬ ಹೆಸರಿನಿಂದಷ್ಟೇ ಪರಿಚಿತರಾದ ಫ್ರೆಂಚ್ ಕಲಾವಿದರೊಬ್ಬರು 1998ರಿಂದ ಪ್ಯಾರಿಸ್ಸಿನ ಬೀದಿಗೋಡೆಗಳ ಮೇಲೆ ಕೂರಿಸುತ್ತ ಬಂದಿರುವ ಮೊಸಾಯಿಕ್‌ಗಳು, ಅಂದರೆ ಬಣ್ಣದ ಚಿಕ್ಕ ಟೈಲ್ಸ್ ತುಂಡುಗಳನ್ನು ಒತ್ತೊತ್ತಾಗಿ ಅಂಟಿಸಿ ಮೂಡಿಸಿದ ಚಿತ್ರಗಳು, ಬಹುಪಾಲು 1978ರ ಜಪಾನೀ ವಿಡಿಯೋ ಗೇಮ್ ‘ಸ್ಪೇಸ್ ಇನ್ವೇಡರ್ಸ್’ನ ಅನ್ಯಗ್ರಹ ಜೀವಿಗಳನ್ನು ಹೋಲುತ್ತವೆ. ಪರದೆಯ ಚಿತ್ರದ ಅತಿಚಿಕ್ಕ ಘಟಕವಾದ ಪಿಕ್ಸೆಲ್ ಆ ಹಳೆಯ ಆಟದಲ್ಲಿ ಚೌಕವಾಗಿಯೇ ಕಾಣುತ್ತಿದ್ದುದರಿಂದ, ಒಂದು ಪಿಕ್ಸೆಲ್ಲಿಗೆ ಒಂದು ಟೈಲ್ ಎಂಬ ಸರಳ ಲೆಕ್ಕದಲ್ಲಿ, ಕರೆಂಟು ಹೋದರೆ ಅಳಿಸಿಹೋಗುವ ಬೆಳಕು ಮಳೆಬಿಸಿಲಿಗೆ ಜಗ್ಗದ ಚಿತ್ರವಾಯಿತು; ಈ ಕಲೆಯ ನಿಜವಾದ ಜಾಣ್ಮೆ ಇರುವುದೇ ಇಲ್ಲಿ. ಪ್ಯಾರಿಸ್ಸಿನಾಚೆಗೂ ಹರಡಿದ ಈ ಜೀವಿಗಳು ವಾರಾಣಸಿಗೂ ಬಂದವು; ಇಂಥದೇ ಒಂದು ಮೊಸಾಯಿಕ್ 2015ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೂ ತಲುಪಿತು. ಗೋಡೆಯ ಮೇಲಿನ ಮೊಸಾಯಿಕ್‌ಗಳನ್ನು ಕದಿಯಲೆಂದು ಕಿತ್ತವರ ಕೈಗೆ ಹೆಚ್ಚಾಗಿ ಒಡೆದ ಚೂರುಗಳೇ ಸಿಗುತ್ತವೆ, ಆದರೆ ಹಾಗೆ ಬರಿದಾದ ಜಾಗದಲ್ಲಿ ಅದೇ ಅಳತೆಯ, ಅದೇ ಬಣ್ಣದ ಟೈಲ್‌ಗಳನ್ನು ಹುಡುಕಿ ತಂದು ಚಿತ್ರವನ್ನು ಮತ್ತೆ ಕೂರಿಸುವ ಅಭಿಮಾನಿಗಳೂ ಪ್ಯಾರಿಸ್ಸಿನಲ್ಲಿದ್ದಾರೆ.