ಮೂತ್ರದ ಕಲ್ಲಿನ ಒಳಗೇನಿದೆ?

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣ)



ಮಣ್ಣು ಪರೀಕ್ಷೆ ಮಾಡಿಸದೆ ತೋಟಕ್ಕೆ ಗೊಬ್ಬರ ಹಾಕಬೇಡಿ ಅಂತ ಸಂಘದಲ್ಲಿ ಹೇಳುತ್ತಲೇ ಇರುತ್ತೇವೆ. ಮೂತ್ರದಲ್ಲಿ ಬಿದ್ದ ಕಲ್ಲಿಗೂ ಇದೇ ಮಾತು. ಆದರೆ ನಾವು ಮಾಡುವುದೇನು? ನೋವು ಹೋಯಿತಲ್ಲ ಅಂತ ಕಲ್ಲನ್ನು ಎಸೆದುಬಿಡುತ್ತೇವೆ.

ಜೋನಿಬೆಲ್ಲದ ಡಬ್ಬದ ತಳದಲ್ಲಿ ಹರಳು ಕಟ್ಟುವುದನ್ನು ನೋಡಿದ್ದೀರಿ. ಮೈಗೆ ನೀರು ಸಾಲದೆ ಮೂತ್ರ ಮಂದವಾದರೆ ಅದರಲ್ಲಿ ಕರಗಿದ ಲವಣಗಳೂ ಹಾಗೇ ಹರಳುಗಟ್ಟುತ್ತವೆ. ನೂರಕ್ಕೆ ಸುಮಾರು 80 ಕಲ್ಲುಗಳು ಕ್ಯಾಲ್ಸಿಯಂನವು. ಅವುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್, ಉಳಿದವು ಕ್ಯಾಲ್ಸಿಯಂ ಫಾಸ್ಫೇಟ್. ಇನ್ನೊಂದು ಯೂರಿಕ್ ಆಮ್ಲದ ಕಲ್ಲು. 1776ರಲ್ಲಿ ಸ್ವೀಡನ್ನಿನ ವಿಜ್ಞಾನಿ ಷೀಲೆ ಈ ಆಮ್ಲವನ್ನು ಮೊದಲು ಕಂಡುಹಿಡಿದದ್ದೇ ಮೂತ್ರದ ಕಲ್ಲಿನಲ್ಲಿ. ಮೂರನೆಯದು ಸೋಂಕಿನಿಂದ ಬೆಳೆಯುವ ಮೆಗ್ನೀಷಿಯಂ ಅಮೋನಿಯಂ ಫಾಸ್ಫೇಟ್. ಸಿಸ್ಟೀನ್ ಕಲ್ಲು ಅಪರೂಪ, ವಂಶಪಾರಂಪರ್ಯವಾಗಿ ಬರುವಂಥದ್ದು.

ಈ ಭೇದ ತಿಳಿದು ಪ್ರಯೋಜನವೇನು? ಯೂರಿಕ್ ಆಮ್ಲದ ಕಲ್ಲನ್ನು ವೈದ್ಯರು ಔಷಧಿಯಿಂದಲೇ ಕರಗಿಸಬಹುದು. ಆಕ್ಸಲೇಟ್ ಕಲ್ಲು ಹಾಗೆ ಕರಗದು. ಕಾಳುಮೆಣಸಿಗಿಂತ ಚಿಕ್ಕದಾದರೆ ಹೆಚ್ಚಾಗಿ ತಾನಾಗಿ ಬೀಳುತ್ತದೆ, ದೊಡ್ಡದನ್ನು ಒಡೆದು ತೆಗೆಯಬೇಕಾಗಬಹುದು. ಸೋಂಕಿನ ಕಲ್ಲಿನ ಚೂರು ಉಳಿದರೂ ಮತ್ತೆ ಬೆಳೆಯುತ್ತದೆ. ಹಾಗಾಗಿ ಒಂದೇ ಕಷಾಯ ಎಲ್ಲ ಕಲ್ಲಿಗೂ ಆಗುವುದಿಲ್ಲ.

ಕೆಸುವಿನ ಪತ್ರೊಡೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಕೆಸು, ಬಸಳೆ, ಬಿಂಬುಳಿಗಳಲ್ಲಿ ಆಕ್ಸಲೇಟ್ ಹೆಚ್ಚು. ಆಕ್ಸಲೇಟ್ ಕಲ್ಲು ಆದವರು ಇವನ್ನು ಮಿತಿಯಲ್ಲಿ ತಿನ್ನಲಿ. ಆದರೆ ಕ್ಯಾಲ್ಸಿಯಂಗೆ ಹೆದರಿ ಹಾಲು, ಮಜ್ಜಿಗೆ ಬಿಡಬೇಡಿ. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಕಡಿಮೆ ಮಾಡಬೇಕಾದದ್ದು ಉಪ್ಪು. ಅದು ಹೆಚ್ಚಿದರೆ ಮೂತ್ರಕ್ಕೆ ಕ್ಯಾಲ್ಸಿಯಂ ಹೆಚ್ಚು ಇಳಿಯುತ್ತದೆ.

ಇಷ್ಟು ಮಳೆ ಬೀಳುವ ಊರಿನಲ್ಲಿ ಕಲ್ಲು ಹೇಗೆ ಅಂತ ಕೇಳಬಹುದು. ಮಳೆ ಹೊರಗೆ ಬಿದ್ದರೆ ಸಾಲದು, ನೀರು ಹೊಟ್ಟೆಗೆ ಹೋಗಬೇಕು! ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಮಧ್ಯಾಹ್ನದವರೆಗೂ ನೀರು ಮುಟ್ಟದವರಿದ್ದಾರೆ. ದಿನಕ್ಕೆ ಎರಡು, ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಬೇಕು. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಕುಡಿಯಿರಿ.

ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಮೂತ್ರಪಿಂಡವೇ ಹಾಳಾದೀತು, ಜೀವಕ್ಕೂ ಅಪಾಯ. ಕಲ್ಲು ಬೀಳುವ ಲಕ್ಷಣವಿದ್ದರೆ ಮೂತ್ರವನ್ನು ತೆಳು ಬಟ್ಟೆಯಲ್ಲಿ ಸೋಸಿ, ಸಿಕ್ಕ ಕಲ್ಲನ್ನು ಒಣಗಿಸಿ ಶೀಶೆಯಲ್ಲಿಟ್ಟು ವೈದ್ಯರಿಗೆ ಕೊಡಿ. ಮುಂದಿನ ಕಲ್ಲನ್ನು ತಡೆಯುವ ದಾರಿ ಆ ಕಲ್ಲಿನಲ್ಲೇ ಇದೆ.