ವೃದ್ಧಾಶ್ರಮಗಳಲ್ಲಿ ಸುರಕ್ಷತೆ



ವೃದ್ಧಾಶ್ರಮವನ್ನು ನೋಡಲು ಹೋಗುವವರು ಸಾಮಾನ್ಯವಾಗಿ ಹಗಲು ಹೊತ್ತಿನಲ್ಲಿ ಹೋಗುತ್ತಾರೆ. ಅಂಗಳ ಗುಡಿಸಿರುತ್ತದೆ, ದೇವರ ಮುಂದೆ ದೀಪ ಉರಿಯುತ್ತಿರುತ್ತದೆ, ಅಡಿಗೆಮನೆಯಿಂದ ಒಗ್ಗರಣೆಯ ಪರಿಮಳ ಬರುತ್ತಿರುತ್ತದೆ. ಇವೆಲ್ಲ ಒಳ್ಳೆಯ ಲಕ್ಷಣಗಳೇ. ಆದರೆ ಆಶ್ರಮದ ನಿಜವಾದ ಗುಣಮಟ್ಟ ತಿಳಿಯುವುದು ರಾತ್ರಿ. ಎಂಬತ್ತು ದಾಟಿದ ತಾಯಿಯೊಬ್ಬರು ನಡುರಾತ್ರಿ ಬಚ್ಚಲಿಗೆಂದು ಎದ್ದರೆ ದೀಪದ ಸ್ವಿಚ್ಚು ಕೈಗೆ ಎಟಕುತ್ತದೆಯೇ? ಕೂಗಿದರೆ ಓಗೊಡುವವರು ಇದ್ದಾರೆಯೇ?

ಈ ವಿಷಯದಲ್ಲಿ ಕಾನೂನಿನ ಆಸರೆ ಇಲ್ಲದಿಲ್ಲ. 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯು 60 ವರ್ಷ ತುಂಬಿದವರನ್ನು ಹಿರಿಯ ನಾಗರಿಕರೆಂದು ಪರಿಗಣಿಸುತ್ತದೆ. ನಿರ್ಗತಿಕರಾದ ಕನಿಷ್ಠ 150 ಹಿರಿಯರಿಗೆ ಆಶ್ರಯ ನೀಡಬಲ್ಲ ವೃದ್ಧಾಶ್ರಮಗಳನ್ನು, ಜಿಲ್ಲೆಗೆ ಒಂದರಂತೆ ಆರಂಭಿಸಿ ಹಂತಹಂತವಾಗಿ ಸ್ಥಾಪಿಸಲು ಅದರ 19ನೆಯ ಕಲಮು ರಾಜ್ಯ ಸರ್ಕಾರಗಳಿಗೆ ಅವಕಾಶ ಕೊಟ್ಟಿದೆ. ಅಲ್ಲಿ ದೊರೆಯಬೇಕಾದ ಸೇವೆಗಳ ಮಟ್ಟವನ್ನೂ ಸರ್ಕಾರವೇ ಗೊತ್ತುಪಡಿಸಬಹುದು. ಆದರೆ ಕಾಗದದ ಮೇಲಿನ ನಿಯಮ ರಾತ್ರಿ ಎದ್ದು ಬಂದು ಯಾರ ಕೈಯನ್ನೂ ಹಿಡಿಯುವುದಿಲ್ಲ.

ನಿಗಾ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನೆರೆರಾಜ್ಯದಲ್ಲೇ ಒಂದು ಉದಾಹರಣೆಯಿದೆ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಅಸ್ವಸ್ಥರನ್ನು ಇರಿಸಿದ್ದ ಖಾಸಗಿ ವಸತಿಯೊಂದಕ್ಕೆ ಬೆಂಕಿ ಬಿದ್ದಿತು. ಮೇಲೆ ಗರಿಯ ಚಪ್ಪರ, ಕಾಲಿಗೆ ಸರಪಳಿ. ಓಡಲಾರದೆ 28 ಮಂದಿ ಪ್ರಾಣಬಿಟ್ಟರು. ಮಾನಸಿಕ ಅಸ್ವಸ್ಥರನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಅದು ವೃದ್ಧಾಶ್ರಮವಾಗಿರಲಿಲ್ಲ, ನಿಜ. ಆದರೆ ತಾವಾಗಿ ಎದ್ದು ಹೊರಗೆ ಬರಲಾರದವರು ಮಲಗುವ ಎಲ್ಲ ಕಡೆಗೂ ಆ ಪಾಠ ಸಲ್ಲುತ್ತದೆ. ಹಾಸಿಗೆ ಹಿಡಿದವರಿಗೆ ಬೀಗ ಹಾಕಿದ ಗ್ರಿಲ್ಲೂ ಒಂದು ಸರಪಳಿಯೇ.

ಆದ್ದರಿಂದ ಹಿರಿಯರನ್ನು ಸೇರಿಸುವ ಮೊದಲು ಕೆಲವು ವಿಷಯಗಳನ್ನು ವಿಚಾರಿಸಿ. ರಾತ್ರಿ ಎಚ್ಚರವಾಗಿರುವ ಸಿಬ್ಬಂದಿ ಎಷ್ಟು ಮಂದಿ? ಬಾಗಿಲ ಬೀಗದ ಕೈ ಅವರ ಬಳಿಯೇ ಇರುತ್ತದೆಯೇ? ನಡೆಯಲಾರದವರನ್ನು ನೆಲಮಹಡಿಯಲ್ಲೇ ಇರಿಸುತ್ತಾರೆಯೇ? ಬೆಂಕಿ ಆರಿಸುವ ಸಾಧನ ಗೋಡೆಯ ಮೇಲಿದ್ದರೆ ಸಾಲದು, ಅದನ್ನು ಬಳಸಲು ಕಲಿತವರು ಇರಬೇಕು.

ಬಚ್ಚಲನ್ನು ಖುದ್ದಾಗಿ ನೋಡಿ. ನೆಲ ಜಾರಬಾರದು, ಗೋಡೆಗೆ ಹಿಡಿಕೆ ಇರಬೇಕು, ಒಳಗಿನ ಚಿಲಕವನ್ನು ಅಗತ್ಯ ಬಿದ್ದಾಗ ಹೊರಗಿನಿಂದಲೂ ತೆಗೆಯುವಂತಿರಬೇಕು. ಮುಪ್ಪಿನಲ್ಲಿ ಒಮ್ಮೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ಓಡಾಡುವುದಿಲ್ಲ.

ಮಲಗಿದಲ್ಲೇ ಇರುವವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಶುಶ್ರೂಷೆಯ ಹಳೆಯ ಪಾಠ. ಇಲ್ಲದಿದ್ದರೆ ಬೆನ್ನಿನಲ್ಲಿ, ಸೊಂಟದಲ್ಲಿ ಹುಣ್ಣಾಗುತ್ತದೆ. ಯಾರಿಗೆ ಯಾವ ಮಾತ್ರೆ, ಎಷ್ಟು ಹೊತ್ತಿಗೆ ಕೊಟ್ಟರು ಎಂದು ಬರೆದಿಡುವ ಪುಸ್ತಕವಿದೆಯೇ ಎಂದು ಕೇಳಿ. ಇದ್ದರೆ, ನಿನ್ನೆಯ ಪುಟವನ್ನು ತೆರೆಸಿ ನೋಡಿ.

ಇಷ್ಟೆಲ್ಲ ಕೇಳಿದರೆ ಆಶ್ರಮದವರು ಬೇಸರಪಟ್ಟುಕೊಂಡಾರು ಎಂದು ಸಂಕೋಚಪಡಬೇಡಿ. ಒಳ್ಳೆಯ ಆಶ್ರಮದವರು ಪ್ರಶ್ನೆಗೆ ಅಂಜುವುದಿಲ್ಲ. ಸೇರಿಸಿದ ಮೇಲೂ ಮುಂಚಿತವಾಗಿ ತಿಳಿಸದೆ ಆಗಾಗ ಹೋಗಿ ಬನ್ನಿ. ಹಿರಿಯರೊಡನೆ ಸಿಬ್ಬಂದಿ ಇಲ್ಲದ ಕಡೆ ಕುಳಿತು ಮಾತನಾಡಿ. "ಎಲ್ಲ ಚೆನ್ನಾಗಿದೆ" ಎಂದು ಅವರು ಹೇಳಿದರೆ ಅಷ್ಟಕ್ಕೇ ನಿಲ್ಲಿಸಬೇಡಿ. ದೂರು ಹೇಳಿದರೆ ಎಲ್ಲಿ ಹೊರಗೆ ಹಾಕುತ್ತಾರೋ ಎಂಬ ಅಳುಕು ಅವರಿಗೆ ಇರಬಹುದು. ನೆರವು ಬೇಕಾದ ಹಿರಿಯರಿಗಾಗಿ 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಆ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವರ ಕೈಗೆ ಕೊಡಿ.

ಮನೆಯಲ್ಲಿ ನೋಡಿಕೊಳ್ಳಲಾಗದೆ ಆಶ್ರಮಕ್ಕೆ ಸೇರಿಸುವುದು ಎಲ್ಲ ಸಂದರ್ಭದಲ್ಲೂ ತಪ್ಪಲ್ಲ. ಸೇರಿಸಿ ಬಂದ ಮೇಲೆ ವಿಚಾರಿಸದಿರುವುದು ತಪ್ಪು. ತಿಂಗಳ ಹಣ ಕಟ್ಟಿದ ಮಾತ್ರಕ್ಕೆ ಮಕ್ಕಳ ಹೊಣೆ ತೀರುವುದಿಲ್ಲ.